ಐಸ್‌ಕ್ರೀಮ್ ಡಬ್ಬದಲ್ಲೊಂದು ಲೋಕೋ ಶೆಡ್

ನಿಮ್ಮ ಹತ್ತಿರ ಮಾದರಿ ರೈಲಿನ ಇಂಜಿನ್ ಎಷ್ಟು ಉಂಟು ಅಂತ ಯಾರಾದರೂ ಕೇಳಿದರೆ ನನಗೆ ನೆಟ್ಟಗೆ ಉತ್ತರ ಕೊಡಲು ಆಗುವುದಿಲ್ಲ. ಓಡುವ ಸ್ಥಿತಿಯಲ್ಲಿರುವವು ಕೆಲವು. ಚಕ್ರ ಇದ್ದೂ ಬಾಯ್ಲರ್ ಇಲ್ಲದವು ಕೆಲವು. ಬಾಯ್ಲರ್ ಮಾತ್ರ ಇದ್ದು, ಅದರ ಕೆಳಗೆ ಏನು ಕೂರಿಸುವುದು ಅಂತ ತೀರ್ಮಾನ ಆಗದವು ಇನ್ನೂ ಕೆಲವು. ಉಳಿದದ್ದೆಲ್ಲ ಐಸ್‌ಕ್ರೀಮ್ ಡಬ್ಬಗಳಲ್ಲಿದೆ. ಒಂದರಲ್ಲಿ ಬರೀ ಚಕ್ರ, ಒಂದರಲ್ಲಿ ಮೋಟಾರು ಮತ್ತು ಗಿಯರು, ಒಂದರಲ್ಲಿ ಚಿಮಣಿ, ಲ್ಯಾಂಪು, ಬಫರ್ ಥರದ ಚಿಲ್ಲರೆ ಸಾಮಾನು. ಉಡುಪಿ, ಮಂಗಳೂರಿನ ಮನೆಗಳಲ್ಲಿ ಖಾಲಿ ಐಸ್‌ಕ್ರೀಮ್ ಡಬ್ಬಕ್ಕೆ ಬರವಿಲ್ಲ, ಅಲ್ವಾ. ಅಡುಗೆಮನೆಯಲ್ಲಿ ಸಂಡಿಗೆಗೂ ಅದೇ, ಹುಣಸೆಹುಳಿಗೂ ಅದೇ. ಹಾಗಾಗಿ ನನ್ನ ಡಬ್ಬಗಳ ಮೇಲೆ ದೊಡ್ಡಕ್ಷರದಲ್ಲಿ ಬರೆದಿಡಬೇಕು.

ಈ ಹವ್ಯಾಸದ ಪರಿಚಯ ಇಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಇವು ನಿಜವಾದ ರೈಲನ್ನು ಲೆಕ್ಕಕ್ಕೆ ಸರಿಯಾಗಿ ಕುಗ್ಗಿಸಿ ಮಾಡಿದ ಮಾದರಿಗಳು. ಜಾಸ್ತಿ ಚಾಲ್ತಿಯಲ್ಲಿರುವುದು ಎಚ್‌ಒ ಅನ್ನುವ ಅಳತೆ. ನಿಜವಾದದ್ದರ 87ರಲ್ಲಿ ಒಂದು ಪಾಲು. ಅಂದರೆ ಅಲ್ಲಿ ಒಂದು ಅಡಿ ಇದ್ದದ್ದು ಇಲ್ಲಿ ಮೂರೂವರೆ ಮಿಲಿಮೀಟರ್. ಉಗಿ ಇಂಜಿನ್ ಅಂತ ಹೇಳಿದರೂ ಒಳಗೆ ಉಗಿಯೂ ಇಲ್ಲ, ಬೆಂಕಿಯೂ ಇಲ್ಲ. ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಸಣ್ಣ ತಗಡಿನ ಪಟ್ಟಿಯ ಮೂಲಕ 12 ವೋಲ್ಟಿನ ಮೋಟಾರಿಗೆ ಕರೆಂಟು ಹೋಗುತ್ತದೆ. ಹೊರಗಡೆ ಕಾಣುವ ರಾಡು, ಪಿಸ್ಟನ್ ಎಲ್ಲ ಚಕ್ರದ ಜೊತೆ ತಿರುಗುತ್ತವೆ ಅಷ್ಟೆ. ನಿಜವಾದ ಇಂಜಿನ್‌ನಲ್ಲಿ ರಾಡು ಚಕ್ರವನ್ನು ತಿರುಗಿಸುತ್ತಿತ್ತು. ಇಲ್ಲಿ ಸಾಮಾನ್ಯವಾಗಿ ಚಕ್ರವೇ ರಾಡನ್ನು ಎಳೆದಾಡಿಸುತ್ತದೆ.

ಹೊಸ ಮಾದರಿ ಕೊಂಡು ಗಾಜಿನ ಕಪಾಟಿನಲ್ಲಿ ಇಡುವವರು ಇದ್ದಾರೆ. ನನ್ನದು ಆ ದಾರಿಯಲ್ಲ. ಮುರಿದ, ಅರ್ಧಂಬರ್ಧ, ಮಕ್ಕಳು ಆಡಿ ಬಿಟ್ಟ ಇಂಜಿನ್‌ಗಳನ್ನು ಸೇರಿಸಿಕೊಂಡು, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಅಂಗಡಿಯಲ್ಲಿ ಸಿಗದ ಇಂಜಿನ್ ಮಾಡುವುದು ನನ್ನ ಕೆಲಸ. ನಮ್ಮ ಕಡೆ ಇಂಥ ಸಾಮಾನು ಬರುವ ದಾರಿ ಹೆಚ್ಚಾಗಿ ಗಲ್ಫ್. ಯಾರದೋ ಮನೆಯ ಅಟ್ಟದಲ್ಲಿ, ಎಷ್ಟೋ ವರ್ಷದ ಹಿಂದೆ ದುಬೈನಿಂದಲೋ ಕುವೈತ್‌ನಿಂದಲೋ ಚಿಕ್ಕಪ್ಪ ತಂದುಕೊಟ್ಟ ರೈಲು ಸೆಟ್ ಇರುತ್ತದೆ. ಹಳಿ ಅರ್ಧ ಹೋಗಿರುತ್ತದೆ, ಇಂಜಿನ್ ತಿರುಗುವುದಿಲ್ಲ. ಮಕ್ಕಳು ದೊಡ್ಡವರಾಗಿ ಬೆಂಗಳೂರಿನಲ್ಲಿ ಇರುತ್ತಾರೆ. "ನೀವೇ ತೆಕ್ಕೊಂಡು ಹೋಗಿ ಮಾರಾಯ್ರೆ" ಅನ್ನುತ್ತಾರೆ. ನಾನು ಎರಡನೇ ಸಲ ಹೇಳಿಸಿಕೊಳ್ಳುವುದಿಲ್ಲ.

ಈಗ ಮೇಜಿನ ಮೇಲೆ ಇರುವುದು ಒಂದು ಡಬ್ಲ್ಯುಪಿ. ಹೆಸರು ಗೊತ್ತಿಲ್ಲದವರೂ ಇದನ್ನು ನೋಡಿರುತ್ತೀರಿ. ಮುಂದೆ ಗುಂಡಗೆ ಚೂಪಾದ ಮೂಗು, ಮೂಗಿನ ಮೇಲೆ ನಕ್ಷತ್ರ. ಹಳೆಯ ಸಿನಿಮಾದಲ್ಲಿ ಹೊಗೆ ಬಿಡುತ್ತ ಮೇಲ್ ಗಾಡಿ ಬರುವ ದೃಶ್ಯ ಇದ್ದರೆ ಎಷ್ಟೋ ಸಲ ಅದರ ಮುಂದೆ ಇದೇ ಇರುತ್ತದೆ. ಡಬ್ಲ್ಯು ಅಂದರೆ ಬ್ರಾಡ್‌ಗೇಜ್, ಪಿ ಅಂದರೆ ಪ್ಯಾಸೆಂಜರ್. ಮೊದಲ 16 ಇಂಜಿನ್ 1947ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಂಪೆನಿಯಿಂದ ಬಂದವು. ಆಮೇಲೆ ಕೆನಡಾ, ಸ್ಕಾಟ್ಲೆಂಡ್, ಪೋಲೆಂಡ್, ಆಸ್ಟ್ರಿಯಾಗಳಲ್ಲಿ ಮಾಡಿಸಿದರು. ಕೊನೆಗೆ ನಮ್ಮದೇ ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರ್ಖಾನೆಯಲ್ಲಿ ಮಾಡಿದರು. 1967ರ ಹೊತ್ತಿಗೆ ಒಟ್ಟು 755 ಆದವು. ಇಷ್ಟೊಂದು ಇದ್ದ, ಇಷ್ಟು ಚೆಂದದ ಇಂಜಿನ್. ಆದರೆ ಬ್ರಿಟನ್ನಿನ ಹುಡುಗ ಅಂಗಡಿಗೆ ಹೋಗಿ ತನ್ನ ಊರಿನ ಇಂಜಿನ್‌ನ ಮಾದರಿ ಕೊಂಡ ಹಾಗೆ ನಾವು ಹೋಗಿ ಇದನ್ನು ಕೊಂಡು ತರಲು ಆಗುವುದಿಲ್ಲ. ಬೇಕಾದರೆ ಮಾಡಿಕೊಳ್ಳಬೇಕು.

ಒಂದು ವಿಷಯ ಮೊದಲೇ ಹೇಳಬೇಕು. ನನ್ನದು ಹಳೆಯ ನೆನಪಿನ ಹವ್ಯಾಸ ಅಲ್ಲ. ನಾನು ಉಡುಪಿಯವನು. ನಮ್ಮ ಊರಿಗೆ ರೈಲು ಬಂದದ್ದೇ 1993ರಲ್ಲಿ, ಕೊಂಕಣ ರೈಲ್ವೆಯ ತೋಕೂರು–ಉಡುಪಿ ಭಾಗ ತೆರೆದಾಗ. ಇಂದ್ರಾಳಿಯ ಸ್ಟೇಷನ್ನಿಗೆ ಮೊದಲ ದಿನದಿಂದ ಬಂದದ್ದು ಡೀಸೆಲ್. ಅದಾಗಿ ಎರಡು ವರ್ಷಕ್ಕೆ, 1995ರ ಡಿಸೆಂಬರಿನಲ್ಲಿ, ದೇಶದ ಬ್ರಾಡ್‌ಗೇಜ್ ಹಳಿಗಳಲ್ಲಿ ಮಾಮೂಲಿ ಉಗಿ ರೈಲು ನಿಂತೇಹೋಯಿತು. ಮಂಗಳೂರಿನವರ ಕಥೆ ಬೇರೆ. ಅಲ್ಲಿಗೆ 1907ರಲ್ಲೇ ಮದ್ರಾಸ್ ಕಡೆಯಿಂದ ಹಳಿ ಬಂದಿತ್ತು. ಅತ್ತಾವರದ ನನ್ನ ದೊಡ್ಡಮ್ಮ ಈಗಲೂ ಕಿಟಕಿ ಬದಿಯ ಸೀಟು ಬೇಡ ಅನ್ನುತ್ತಾರೆ. ಚಿಕ್ಕಂದಿನಲ್ಲಿ ಕಣ್ಣಿಗೆ ಕಲ್ಲಿದ್ದಲಿನ ಕಣ ಬಿದ್ದ ಅಭ್ಯಾಸ. ನನಗೆ ಅಂಥದ್ದು ಯಾವುದೂ ಇಲ್ಲ. ನಾನು ಉಗಿ ಇಂಜಿನ್ನನ್ನು ಮೊದಲು ಹತ್ತಿರದಿಂದ ನೋಡಿದ್ದು ಮೈಸೂರಿನ ರೈಲು ಮ್ಯೂಸಿಯಂನಲ್ಲಿ, ಶಾಲೆಯ ಪ್ರವಾಸದಲ್ಲಿ. ಉಳಿದ ಹುಡುಗರು ಮೇಲೆ ಹತ್ತಿ ಸೀಟಿ ಎಲ್ಲುಂಟು ಅಂತ ಹುಡುಕುತ್ತಿದ್ದರು. ನಾನು ಕೆಳಗೆ ಕೂತು ಚಕ್ರದ ರಾಡುಗಳನ್ನು ನೋಡುತ್ತಿದ್ದೆ. ಎಲ್ಲವೂ ಹೊರಗೆ, ಕಣ್ಣಿಗೆ ಕಾಣುವ ಹಾಗೆ. ಯಾವುದು ಯಾವುದನ್ನು ತಳ್ಳುತ್ತದೆ ಅಂತ ಬೆರಳಿಟ್ಟು ಹೇಳಬಹುದು. ಡೀಸೆಲ್ ಇಂಜಿನ್ ಹಾಗಲ್ಲ. ಅದು ಹೊರಗಿನಿಂದ ಬರೀ ಒಂದು ಪೆಟ್ಟಿಗೆ.

ನೆನಪಿನ ಹಂಗು ಇಲ್ಲದ್ದರಿಂದ ಒಂದು ಅನುಕೂಲ ಆಯಿತು. ಇಂಜಿನ್ ಬಿಚ್ಚಿ ಕತ್ತರಿಸಲು ನನಗೆ ಕೈ ನಡುಗುವುದಿಲ್ಲ.

ಮೊದಲು ಲೆಕ್ಕ. ನಮ್ಮ ಬ್ರಾಡ್‌ಗೇಜ್ ಹಳಿಯ ಅಗಲ 1,676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿ.ಮೀ. ಅದು ಯುರೋಪು, ಅಮೆರಿಕದ 1,435 ಮಿ.ಮೀ. ಹಳಿಗೆ ಸರಿಯಾದದ್ದು. ಅಂದರೆ ನಮ್ಮ ಇಂಜಿನ್ ಅದರ ಮೇಲೆ ನಿಂತರೆ ಕಾಲು ಕೂಡಿಸಿಕೊಂಡು ನಿಂತ ಹಾಗೆ ಕಾಣುತ್ತದೆ. ಇದನ್ನು ಸಹಿಸದವರು ಉದ್ದದ ಆಕ್ಸಲ್ ಮಾಡಿಸಿ, ಹಳಿಯನ್ನೂ ಸ್ಲೀಪರ್ ಮೇಲೆ ಒಂದೊಂದಾಗಿ ಕೈಯಲ್ಲೇ ಕೂರಿಸುತ್ತಾರೆ. ಅವರಿಗೆ ನನ್ನ ದೊಡ್ಡ ನಮಸ್ಕಾರ. ನಾನು 16.5ರಲ್ಲೇ ಉಳಿದೆ. ಕಾರಣ ಸರಳ. ಹಳಿಯ ಅಗಲ ಬದಲಿಸಿದ ಕೂಡಲೇ ಡಬ್ಬದಲ್ಲಿರುವ ಚಕ್ರದ ಜೋಡಿಗಳಲ್ಲಿ ಒಂದನ್ನೂ ಹಾಗೇ ಹಾಕಲು ಬರುವುದಿಲ್ಲ. ಬಿಡಿಭಾಗದಲ್ಲಿ ಬದುಕುವವನಿಗೆ ಅದು ಗಿಟ್ಟದ ಲೆಕ್ಕ. ಬ್ರಿಟನ್ನಿನವರೂ ಇದೇ ರಾಜಿ ಮಾಡಿಕೊಂಡವರೇ. ಅವರ ಒಒ ಮಾದರಿಗಳು 76ರಲ್ಲಿ ಒಂದು ಪಾಲು, ಹಳಿ ಮಾತ್ರ ಎಚ್‌ಒದ 16.5. ಅವರ ನಿಜವಾದ ಇಂಜಿನ್‌ಗಳು ಚಿಕ್ಕವು. 87ರ ಲೆಕ್ಕಕ್ಕೆ ಕುಗ್ಗಿಸಿದರೆ ಆ ಕಾಲದ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಮೈ ದೊಡ್ಡದು ಮಾಡಿ, ಹಳಿ ಇದ್ದದ್ದೇ ಇರಲಿ ಅಂತ ಬಿಟ್ಟರು. ಇವತ್ತಿಗೂ ಹಾಗೇ ನಡೆಯುತ್ತಿದೆ.

ನನಗೆ ಲಾಭ ಆದದ್ದು ಇಲ್ಲೇ. ಬ್ರಿಟನ್ನಿನ ಇಂಜಿನ್ ಸುಮಾರು 9 ಅಡಿ ಅಗಲ. 76ರಲ್ಲಿ ಒಂದು ಪಾಲು ಮಾಡಿದರೆ 36 ಮಿ.ಮೀ. ನಮ್ಮ ಬ್ರಾಡ್‌ಗೇಜ್ ಗಾಡಿಗಳು ದಪ್ಪ, ಸುಮಾರು 3.2 ಮೀಟರ್. 87ರಲ್ಲಿ ಒಂದು ಪಾಲು ಮಾಡಿದರೆ ಹತ್ತಿರ ಹತ್ತಿರ 37 ಮಿ.ಮೀ. ಅಂದರೆ ಅವರ ಒಒ ಇಂಜಿನ್ ಮತ್ತು ನಮ್ಮ ಎಚ್‌ಒ ಇಂಜಿನ್ ಮೇಜಿನ ಮೇಲೆ ಒಂದೇ ಗಾತ್ರ! ಪುಸ್ತಕದ ಪ್ರಕಾರ ಎರಡು ಬೇರೆ ಬೇರೆ ಅಳತೆ, ಕೈಗೆ ಮಾತ್ರ ಒಂದೇ. ಹಾರ್ನ್‌ಬಿ ಕಂಪೆನಿಯ ಹಳೆಯ ಒಒ ಸಾಮಾನು ನನ್ನ ಡಬ್ಬದಲ್ಲಿ ಯಾಕೆ ಅಷ್ಟೊಂದು ಇದೆ ಅಂದರೆ ಇದೇ ಕಾರಣ.

ಚಕ್ರ ನೋಡಿ. ಡಬ್ಲ್ಯುಪಿಯ ದೊಡ್ಡ ಚಕ್ರ 5 ಅಡಿ 7 ಇಂಚು. ಎಚ್‌ಒದಲ್ಲಿ 19.6 ಮಿ.ಮೀ. ಆಗಬೇಕು. ಬ್ರಿಟನ್ನಿನ ಎಕ್ಸ್‌ಪ್ರೆಸ್ ಇಂಜಿನ್‌ಗಳ ಚಕ್ರ ಇದಕ್ಕೆ ಬರುವುದಿಲ್ಲ. ಅವು ಆರು ಅಡಿ ಮೀರಿದವು, ಒಒದಲ್ಲೂ ತುಂಬ ದೊಡ್ಡದಾಗುತ್ತವೆ. ಆದರೆ ಅವರದೊಂದು ಗೂಡ್ಸ್ ಇಂಜಿನ್ ಉಂಟು, 9ಎಫ್ ಅಂತ. ಅದರ ಚಕ್ರ 5 ಅಡಿ. ಒಒದಲ್ಲಿ ಸರಿಯಾಗಿ 20 ಮಿ.ಮೀ. ವ್ಯತ್ಯಾಸ ಅರ್ಧ ಮಿಲಿಮೀಟರೂ ಇಲ್ಲ. 9ಎಫ್‌ಗೆ ಐದು ಆಕ್ಸಲ್. ತಿರುವಿನಲ್ಲಿ ಸಲೀಸಾಗಿ ಹೋಗಲಿ ಅಂತ ನಡುವಿನ ಆಕ್ಸಲ್‌ನ ಚಕ್ರಗಳಿಗೆ ಫ್ಲಾಂಜೇ ಇಲ್ಲ, ಅಂದರೆ ಹಳಿಯಿಂದ ಜಾರದ ಹಾಗೆ ತಡೆಯುವ ಅಂಚು. ಉಳಿದ ನಾಲ್ಕು ಆಕ್ಸಲ್‌ಗಳಿಗೆ ಉಂಟು. ನನಗೆ ಬೇಕಾದದ್ದು ಮೂರು. ಒಂದು ಮಿಕ್ಕಿತು, ಡಬ್ಬಕ್ಕೆ ಹೋಯಿತು.

ಈ ಚಕ್ರ ಕೊಟ್ಟ ಮಾದರಿ ಈವ್ನಿಂಗ್ ಸ್ಟಾರ್. ಬ್ರಿಟಿಷ್ ರೈಲ್ವೇಸ್‌ಗೆ ಕಟ್ಟಿದ ಕೊನೆಯ ಉಗಿ ಇಂಜಿನ್, 1960ರದ್ದು. ನಮ್ಮ ಚಿತ್ತರಂಜನ್‌ನಲ್ಲಿ ಕಟ್ಟಿದ ಕೊನೆಯ ಬ್ರಾಡ್‌ಗೇಜ್ ಉಗಿ ಇಂಜಿನ್ ಅಂತಿಮ ಸಿತಾರಾ, ಡಬ್ಲ್ಯುಜಿ 10560, 1970ರದ್ದು. ಅವರ ಕೊನೆಯ ಇಂಜಿನ್ ಬಂದು ಹತ್ತು ವರ್ಷ ನಾವು ಮಾಡುತ್ತಲೇ ಇದ್ದೆವು.

ಚಕ್ರ ಸಿಕ್ಕಿತು ಅಂತ ಕೆಲಸ ಮುಗಿಯಲಿಲ್ಲ. ನಿಜವಾದ ಕಷ್ಟ ಅಲ್ಲಿಂದ ಶುರು. ಸೈಕಲ್ಲಿನ ಎರಡು ಪೆಡಲ್ ಒಂದಕ್ಕೊಂದು ಎದುರುಬದುರು ಇರುತ್ತವೆ. ಒಂದು ಮೇಲೆ ಇದ್ದರೆ ಇನ್ನೊಂದು ಕೆಳಗೆ. ಉಗಿ ಇಂಜಿನ್‌ನ ಎರಡು ಬದಿಯ ಕ್ರ್ಯಾಂಕ್ ಪಿನ್ನು, ಅಂದರೆ ಚಕ್ರಕ್ಕೆ ರಾಡು ಸಿಕ್ಕಿಸುವ ಪಿನ್ನು, ಹಾಗಲ್ಲ. ಒಂದು ಮೇಲೆ ಇದ್ದರೆ ಇನ್ನೊಂದು ಮುಂದಕ್ಕೋ ಹಿಂದಕ್ಕೋ, ಕಾಲು ಸುತ್ತಿನ ಅಂತರದಲ್ಲಿ ಇರಬೇಕು. ನಿಜವಾದ ಇಂಜಿನ್‌ನಲ್ಲಿ ಒಂದು ಬದಿಯ ಪಿಸ್ಟನ್ ತುದಿ ಮುಟ್ಟಿ ತಳ್ಳಲಾಗದೆ ನಿಂತ ಹೊತ್ತಿಗೆ ಇನ್ನೊಂದು ಬದಿಯದು ಪೂರ್ತಿ ಬಲದಲ್ಲಿ ಇರಲಿ ಅಂತ ಈ ಏರ್ಪಾಡು. ಎರಡೂ ಒಟ್ಟಿಗೆ ತುದಿಗೆ ಬಂದರೆ ಇಂಜಿನ್ ಹೊರಡುವುದೇ ಇಲ್ಲ. ಮಾದರಿಯಲ್ಲಿ ಬಲದ ಪ್ರಶ್ನೆ ಇಲ್ಲ. ಆದರೆ ಮೂರೂ ಆಕ್ಸಲ್‌ನ ಕೋನ ಒಂದೇ ಇಲ್ಲದಿದ್ದರೆ ಚಕ್ರ ಜೋಡಿಸುವ ರಾಡು ಬಿಗಿದು ಇಂಜಿನ್ ಕುಂಟುತ್ತದೆ. ಇಲ್ಲಿ ಸಣ್ಣ ಗುಟ್ಟೊಂದು ಉಂಟು. ಕೋನ ಸರಿಯಾಗಿ 90 ಡಿಗ್ರಿ ಇರಲೇಬೇಕೆಂದಿಲ್ಲ. 88 ಆದರೂ ನಡೆಯುತ್ತದೆ. ಮೂರರಲ್ಲೂ ಅದೇ 88 ಇರಬೇಕು.

ಅದಕ್ಕೊಂದು ಜಿಗ್, ಅಂದರೆ ಭಾಗಗಳನ್ನು ಸರಿಯಾದ ಕೋನದಲ್ಲಿ ಹಿಡಿದಿಡುವ ಅಚ್ಚು, ಮಾಡಿಕೊಂಡಿದ್ದೇನೆ. ಉಕ್ಕಿನ ತುಂಡಿನಲ್ಲಿ ಕೊರೆದ ವಿ ಆಕಾರದ ತೋಡು. ಆಕ್ಸಲ್ ಅದರಲ್ಲಿ ಕೂರುತ್ತದೆ. ಬಲಗಡೆಯ ಪಿನ್ನು ಒಂದು ನಿಂತ ಮೊಳೆಗೆ ತಾಗಬೇಕು, ಎಡಗಡೆಯದು ಒಂದು ಅಡ್ಡ ಮೊಳೆಯ ಮೇಲೆ ಕೂರಬೇಕು. ಹಾಗೆ ಹಿಡಿದುಕೊಂಡೇ ಚಕ್ರವನ್ನು ಆಕ್ಸಲ್‌ಗೆ ಒತ್ತಬೇಕು. ಉಸಿರು ಬಿಡುವುದು ಆಮೇಲೆ. ಇನ್ನೊಂದು ಜಾಗ್ರತೆ ಉಂಟು. ಹಳೆಯ ಮಾದರಿಗಳ ಪ್ರತಿ ಆಕ್ಸಲ್‌ನಲ್ಲಿ ಒಂದು ಚಕ್ರಕ್ಕೆ ಮಾತ್ರ ನಡುವೆ ಪ್ಲಾಸ್ಟಿಕ್ ಬುಶ್ ಇರುತ್ತದೆ, ಕರೆಂಟು ದಾಟದ ಹಾಗೆ. ಮೂರು ಆಕ್ಸಲ್‌ನಲ್ಲೂ ಬುಶ್ ಇರುವ ಚಕ್ರ ಒಂದೇ ಬದಿಗೆ ಬರಬೇಕು. ಒಂದು ಉಲ್ಟಾ ಆಯಿತೋ, ಹಳಿಯ ಮೇಲೆ ಇಟ್ಟ ಕೂಡಲೇ ಶಾರ್ಟ್. ಎಲ್ಲ ಆದ ಮೇಲೆ ಮೋಟಾರು ಹಾಕುವ ಮೊದಲು ರಾಡು ಕಟ್ಟಿ, ಗಾಜಿನ ಮೇಲಿಟ್ಟು, ಗಾಜನ್ನು ಮೆಲ್ಲಗೆ ಓರೆ ಮಾಡುತ್ತೇನೆ. ತಾನಾಗಿ ಉರುಳಿಕೊಂಡು ಹೋದರೆ ಪಾಸ್.

ಮೂಗಿನ ಕಥೆ ಮಲ್ಪೆಯದು. ಬಂದರಿನ ಹತ್ತಿರ ಬೋಟಿನ ಶಾಫ್ಟು, ಬುಶ್ಶು ಎಲ್ಲ ತಿರುಗಿಸಿ ಕೊಡುವ ಲೇತ್ ಅಂಗಡಿಗಳು ಉಂಟು. ನನ್ನ ಕೆಲಸ ಮಾಡಿಕೊಡುವವರ ಲೇತು ಆಳುದ್ದದ ಪ್ರೊಪೆಲರ್ ಶಾಫ್ಟ್ ತಿರುಗಿಸುವಂಥದ್ದು. ಅದರ ಮುಂದೆ ನಿಂತು ನಾನು ಹೆಬ್ಬೆರಳಿನಷ್ಟು ದಪ್ಪದ ನೈಲಾನ್ ರಾಡು, ಕೈಯಲ್ಲಿ ಬರೆದ ಒಂದು ನಕ್ಷೆ ಕೊಟ್ಟೆ.

"ಇದು ಎಂಥದು ಮಾರಾಯ್ರೆ? ಗಾಳದ ಗುಂಡಾ?"

"ಅಲ್ಲ, ರೈಲಿನ ಮೂಗು."

"ರೈಲಿಗೆ ಮೂಗು ಉಂಟಾ?"

ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. "ಚಂದ ಉಂಟು. ಆದ್ರೆ ನೈಲಾನ್ ಎಂತಕ್ಕೆ? ಹಿತ್ತಾಳೆಯಲ್ಲಿ ಮಾಡಿ ಕೊಡ್ತೇನೆ. ಪಾಲಿಶ್ ಹೊಡೆದ್ರೆ ದೇವಸ್ಥಾನದ ಕಲಶದ ಹಾಗೆ ಹೊಳೀತದೆ."

ಅವರಿಗೆ ತೂಕದ ವಿಷಯ ಹೇಳಿದೆ. ಡಬ್ಲ್ಯುಪಿಯ ಮೂಗು ಇರುವುದು ದೊಡ್ಡ ಚಕ್ರಗಳಿಗಿಂತ ತುಂಬ ಮುಂದೆ, ಸಣ್ಣ ಚಕ್ರಗಳ ಮೇಲೆ. ಅಲ್ಲಿ ಹಿತ್ತಾಳೆ ಕೂರಿಸಿದರೆ ಮುಂಭಾರ ಆಗಿ ಹಿಂದಿನ ಚಕ್ರ ಹಗುರಾಗುತ್ತದೆ. ಚಕ್ರ ಗಿರಗಿರ ತಿರುಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಮಾದರಿ ಇಂಜಿನ್‌ಗೆ ಎಳೆಯುವ ಶಕ್ತಿ ಬರುವುದು ಮೋಟಾರಿನಿಂದ ಮಾತ್ರ ಅಲ್ಲ. ದೊಡ್ಡ ಚಕ್ರಗಳ ಮೇಲೆ ಎಷ್ಟು ಭಾರ ಕೂತಿದೆ ಅನ್ನುವುದೂ ಅಷ್ಟೇ ಮುಖ್ಯ. ಅದಕ್ಕೇ ಬಾಯ್ಲರ್‌ನ ಹೊಟ್ಟೆಯೊಳಗೆ, ಚಕ್ರಗಳ ನೇರ ಮೇಲೆ, ಸೀಸದ ತುಂಡು ಇಟ್ಟಿದ್ದೇನೆ. ಅವರಿಗೆ ಕೂಡಲೇ ಅರ್ಥ ಆಯಿತು. ಬೋಟಿನಲ್ಲಿ ಐಸು, ಮೀನು, ಡೀಸೆಲ್ ಎಲ್ಲಿ ತುಂಬಿದರೆ ಬೋಟು ಹೇಗೆ ಕೂರುತ್ತದೆ ಅಂತ ದಿನಾ ನೋಡುವವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಹಿತ್ತಾಳೆಯ ಆಸೆಯನ್ನು ಮೋಟಾರಿನ ಫ್ಲೈವೀಲ್ ಮಾಡಿಕೊಟ್ಟು ತೀರಿಸಿಕೊಂಡರು. ಅದಕ್ಕೆ ಭಾರ ಬೇಕೇ ಬೇಕು. ಹಳಿಯಲ್ಲಿ ಧೂಳು ಇದ್ದು ಕರೆಂಟು ಕ್ಷಣ ತಪ್ಪಿದರೂ ಫ್ಲೈವೀಲ್‌ನ ಓಟದಲ್ಲಿ ಇಂಜಿನ್ ದಾಟಿಕೊಳ್ಳುತ್ತದೆ.

ಇಂಥ ಕೆಲಸಕ್ಕೆ ಮಲ್ಪೆಗೆ ಹೋಗುವ ಕಾಲ ನೋಡಿಕೊಳ್ಳಬೇಕು. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಬೋಟುಗಳ ರಿಪೇರಿ ಎಲ್ಲ ಆಗಲೇ. ಆಗಸ್ಟಿಗೆ ಮುಂಚೆ ಬೋಟು ನೀರಿಗಿಳಿಯಬೇಕು ಅಂತ ಓಡಾಡುವವರ ಮಧ್ಯೆ ರೈಲಿನ ಮೂಗು ಹಿಡಿದುಕೊಂಡು ಹೋದರೆ ಬೈಸಿಕೊಳ್ಳುತ್ತೀರಿ.

ಮೋಟಾರಿನ ವಿಷಯ ಬೇಗ ಮುಗಿಸುತ್ತೇನೆ. ಹಳೆಯ ಹಾರ್ನ್‌ಬಿಗಳಲ್ಲಿ ಮೋಟಾರು ಎಷ್ಟೋ ಸಲ ಇಂಜಿನ್‌ನಲ್ಲಿ ಇರುವುದೇ ಇಲ್ಲ, ಹಿಂದಿನ ಟೆಂಡರ್‌ನಲ್ಲಿ ಇರುತ್ತದೆ. ಕಲ್ಲಿದ್ದಲಿನ ಗಾಡಿ ಇಂಜಿನ್ನನ್ನು ತಳ್ಳಿಕೊಂಡು ಹೋಗುವುದು ನನಗೆ ಯಾಕೋ ಸರಿ ಕಾಣುವುದಿಲ್ಲ. ಹೊಸದಾಗಿ ಸಣ್ಣ ಮೋಟಾರು ಇಂಜಿನ್‌ನಲ್ಲೇ ಕೂರಿಸಿದೆ. ಗುಜರಿಗೆ ಬಂದ ಸಿಡಿ ಪ್ಲೇಯರ್‌ನ ಮೋಟಾರು ಹಾಕಿದರೆ ಆಗುವುದಿಲ್ಲವಾ ಅಂತ ತುಂಬ ಜನ ಕೇಳುತ್ತಾರೆ. ಗಾತ್ರಕ್ಕೆ ಆಗುತ್ತದೆ. ಆದರೆ ಅವು ಕಮ್ಮಿ ವೋಲ್ಟಿಗೆ ಮಾಡಿದವು, 12 ಕೊಟ್ಟರೆ ಬಿಸಿಯಾಗಿ ಸುಟ್ಟುಹೋಗುತ್ತವೆ. ವೇಗದ ಲೆಕ್ಕವನ್ನೂ ನೋಡಬೇಕು. ನಿಜವಾದ ಇಂಜಿನ್ ಗಂಟೆಗೆ 100 ಕಿ.ಮೀ. ಓಡುವ ಹಾಗೆ ಕಾಣಬೇಕಾದರೆ 20 ಮಿ.ಮೀ. ಚಕ್ರ ನಿಮಿಷಕ್ಕೆ ಸುಮಾರು 300 ಸುತ್ತು ತಿರುಗಬೇಕು. ಗಿಯರು 30ಕ್ಕೆ 1 ಇದ್ದರೆ ಮೋಟಾರು 9,000 ಸುತ್ತು. ಇದಕ್ಕಿಂತ ತುಂಬ ಜಾಸ್ತಿ ಓಡುವ ಮೋಟಾರು ಹಾಕಿದರೆ ಡಬ್ಲ್ಯುಪಿ ಅಲ್ಲ, ರಾಕೆಟ್ಟು.

ಹಳೆಯ ಮಾದರಿ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಎರಕದ ಚಾಸಿ ಇರುವ ಇಂಜಿನ್ ಆದರೆ ಅದನ್ನು ತಿರುಗಿಸಿ ಹೊಟ್ಟೆ ನೋಡಿ. ಸತುವಿನ ಮಿಶ್ರಲೋಹದ ಎರಕದಲ್ಲಿ ಸೀಸದ ಕಲಬೆರಕೆ ಇದ್ದರೆ ವರ್ಷಗಳು ಹೋದ ಹಾಗೆ ಅದು ಒಳಗಿಂದೊಳಗೇ ಉಬ್ಬಿ, ಸಣ್ಣ ಬಿರುಕು ಬಿಟ್ಟು, ಕೊನೆಗೆ ಒಣ ರಸ್ಕಿನ ಥರ ಪುಡಿಯಾಗುತ್ತದೆ. ಅಂಟು ಹಾಕಿ, ಬಣ್ಣ ಹೊಡೆದು ಏನೂ ಪ್ರಯೋಜನ ಇಲ್ಲ. ಅಂಥದ್ದರ ಚಕ್ರ, ರಾಡು ಬಿಚ್ಚಿಕೊಂಡು ಚಾಸಿ ಬಿಸಾಡಬೇಕು.

ಮತ್ತೆ ನಮ್ಮ ಮಳೆ. ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಸುರಿಯುವ ಊರು, ಮೇಲಿಂದ ಉಪ್ಪಿನ ಗಾಳಿ. ಉಕ್ಕಿನ ಆಕ್ಸಲ್ ಆಟಿ ತಿಂಗಳಲ್ಲಿ ಕೆಂಪಾಗುತ್ತದೆ. ಹಿತ್ತಾಳೆ ಹಳಿ ಕಪ್ಪಾಗಿ ಕರೆಂಟು ಬಿಡುವುದಿಲ್ಲ. ನಿಕಲ್ ಸಿಲ್ವರ್ ಹಳಿ ಆದರೆ ಪರವಾಗಿಲ್ಲ. ಬಣ್ಣದ ಕೆಲಸವನ್ನಂತೂ ಮಳೆಗಾಲದಲ್ಲಿ ಮುಟ್ಟಲೇಬಾರದು. ಲ್ಯಾಕರ್ ಹೊಡೆದರೆ ಗಾಳಿಯ ತೇವ ಹಿಡಿದು ಕಪ್ಪು ಬಾಯ್ಲರ್ ಮೇಲೆ ಬೂದಿ ಬಳಿದ ಹಾಗೆ ಬಿಳಿ ಪೊರೆ ಬರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಬೆಸುಗೆ, ಅರ ಉಜ್ಜುವುದು, ಗಿಯರ್ ಕೂರಿಸುವುದು. ಡಿಸೆಂಬರ್ ಬಂದ ಮೇಲೆ ಬಣ್ಣ. ಔಷಧಿ ಬಾಟಲಿಯಲ್ಲಿ, ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ನಮ್ಮ ಮನೆಯಲ್ಲಿ ಯಾರೂ ಬಿಸಾಡುವ ಹಾಗಿಲ್ಲ.

ಈಗ ನನಗೆ ಜಾಸ್ತಿ ಬೈಗುಳ ತಂದುಕೊಡುವ ವಿಷಯಕ್ಕೆ ಬರುತ್ತೇನೆ. ಮಾದರಿ ಸಂಗ್ರಹಿಸುವವರಲ್ಲಿ ಒಂದು ಪಂಗಡ ಉಂಟು. ಅವರ ಪ್ರಕಾರ ಇಂಜಿನ್ ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರಬೇಕು. ಡಬ್ಬ ಸಮೇತ. ಒಂದು ಸ್ಕ್ರೂ ಬದಲಾದರೂ ಅದರ ಮರ್ಯಾದೆ ಹೋಯಿತು. ಹಳೆಯ ಇಂಜಿನ್ ಕತ್ತರಿಸುವ ನಾನು ಅವರ ಕಣ್ಣಿಗೆ ಕಟುಕ.

ಅವರ ಮಾತಿನಲ್ಲಿ ಸ್ವಲ್ಪ ಸತ್ಯ ಉಂಟು. ಎಲ್ಲ ಭಾಗ ಇರುವ, ಓಡುವ ಹಳೆಯ ಮಾದರಿಯನ್ನು ನಾನೂ ಕತ್ತರಿಸುವುದಿಲ್ಲ. ಅಂಥದ್ದು ಸಿಕ್ಕಿದರೆ ಒರೆಸಿ, ಎಣ್ಣೆ ಹಾಕಿ, ಬೇಕಾದವರಿಗೆ ಕೊಟ್ಟು ಬದಲಿಗೆ ಮುರಿದದ್ದು ತರುತ್ತೇನೆ. ಆದರೆ "ಕಾರ್ಖಾನೆಯಿಂದ ಬಂದ ಹಾಗೆ" ಅನ್ನುವುದು ಉಗಿ ಇಂಜಿನ್ ಮಟ್ಟಿಗೆ ವಿಚಿತ್ರವಾದ ಆಸೆ. ನಿಜವಾದ ಉಗಿ ಇಂಜಿನ್ ಯಾವುದೂ ಹಾಗೆ ಬದುಕಿದ್ದಿಲ್ಲ.

ವರ್ಕ್‌ಶಾಪಿನ ಕೆಲಸ ಹೇಗಿತ್ತು ನೋಡಿ. ಇಂಜಿನ್ ದೊಡ್ಡ ರಿಪೇರಿಗೆ ಬಂದಾಗ ಜಾಸ್ತಿ ದಿನ ಹಿಡಿಯುತ್ತಿದ್ದದ್ದು ಬಾಯ್ಲರ್. ಫ್ರೇಮು, ಚಕ್ರ ಬೇಗ ಸರಿಯಾಗುತ್ತಿದ್ದವು. ಬಾಯ್ಲರ್ ಮುಗಿಯುವ ತನಕ ಇಡೀ ಇಂಜಿನ್ ಕಾಯಿಸಿದರೆ ನಷ್ಟ. ಹಾಗಾಗಿ ಮೊದಲೇ ರಿಪೇರಿ ಆಗಿ ಕೂತ ಬೇರೊಂದು ಇಂಜಿನ್‌ನ ಬಾಯ್ಲರ್ ಎತ್ತಿ ಇದಕ್ಕೆ ಕೂರಿಸಿ ಹೊರಗೆ ಕಳಿಸುತ್ತಿದ್ದರು. ಇದರ ಬಾಯ್ಲರ್ ಸರಿಯಾದ ಮೇಲೆ ಮುಂದೆ ಬಂದ ಇನ್ನೊಂದಕ್ಕೆ. ಪ್ರಪಂಚದಲ್ಲೇ ಹೆಸರಾದ ಫ್ಲೈಯಿಂಗ್ ಸ್ಕಾಟ್ಸ್‌ಮನ್ 1923ರಲ್ಲಿ ಡಾನ್‌ಕಾಸ್ಟರ್‌ನಲ್ಲಿ ಕಟ್ಟಿದ್ದು. ಅದು ತನ್ನ ಆಯಸ್ಸಿನಲ್ಲಿ ಎಷ್ಟೋ ಬಾಯ್ಲರ್ ಬದಲಿಸಿದೆ. ಬೇರೆ ವರ್ಗದ ಇಂಜಿನ್‌ಗೆ ಮಾಡಿದ ಬಾಯ್ಲರ್ ಹೊತ್ತುಕೊಂಡೂ ಕೆಲವು ವರ್ಷ ಓಡಿದೆ. ಆದರೂ ಅದನ್ನು ಫ್ಲೈಯಿಂಗ್ ಸ್ಕಾಟ್ಸ್‌ಮನ್ ಅಲ್ಲ ಅಂತ ಯಾರೂ ಹೇಳುವುದಿಲ್ಲ. ನಮ್ಮಲ್ಲೇ ನೋಡಿ, ನೀಲಗಿರಿ ರೈಲಿನ ಹೆಸರಾದ ಹಲ್ಲುಚಕ್ರದ ಇಂಜಿನ್‌ಗಳು ಬಂದದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಿಂದ. ಈಗ ಅದೇ ನಮೂನೆಯ ಹೊಸ ಇಂಜಿನ್‌ಗಳನ್ನು ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನಲ್ಲಿ ಮಾಡಿದ್ದಾರೆ. ಊಟಿಗೆ ಹೋಗುವವರು ಯಾರೂ ಇದು ಅಸಲಿಯಾ ಅಂತ ಕೇಳಿ ಟಿಕೆಟ್ ತೆಗೆಯುವುದಿಲ್ಲ.

ಶೆಡ್‌ನಲ್ಲಂತೂ ಇನ್ನೂ ಮಜಾ. ಒಂದೇ ವರ್ಗದ ಎರಡು ಇಂಜಿನ್ ಪಕ್ಕದಲ್ಲಿ ನಿಲ್ಲಿಸಿದರೆ ಒಂದೇ ಥರ ಕಾಣುತ್ತಿರಲಿಲ್ಲ. ಡಬ್ಲ್ಯುಪಿಗಳ ಫೋಟೋ ಹತ್ತು ನೋಡಿ. ಒಂದರ ನಕ್ಷತ್ರ ದೊಡ್ಡದು, ಒಂದರದು ಸಣ್ಣದು. ಒಂದರ ಹೆಡ್‌ಲೈಟಿಗೆ ಕೊಡೆ, ಇನ್ನೊಂದಕ್ಕೆ ಇಲ್ಲ. ಕೆಲವಕ್ಕೆ ಬಾಯ್ಲರ್ ಸುತ್ತ ಹೊಳೆಯುವ ಪಟ್ಟಿ. ಕೆಟ್ಟು ನಿಂತ ಇಂಜಿನ್‌ನಿಂದ ಒಂದು ಭಾಗ ಬಿಚ್ಚಿ ಓಡುವ ಇಂಜಿನ್‌ಗೆ ಹಾಕುವುದು ಶೆಡ್‌ನ ದಿನದ ಕೆಲಸ. ಹಾಗೆ ನೋಡಿದರೆ ಡಬ್ಬದಲ್ಲಿ ಮುಟ್ಟದೆ ಇಟ್ಟ ಮಾದರಿ ಕಾರ್ಖಾನೆಯ ಗೇಟಿನಲ್ಲಿ ಫೋಟೋಕ್ಕೆ ನಿಂತ ಒಂದು ದಿನದ ಇಂಜಿನ್ ಮಾತ್ರ. ಅದರ ಮುಂದಿನ ಮೂವತ್ತು, ನಲವತ್ತು ವರ್ಷದ ಇಂಜಿನ್ ಬೇಕಾದರೆ ಬೇರೆ ಬೇರೆ ಕಡೆಯ ಭಾಗ ಸೇರಲೇಬೇಕು. ನಾನು ಮಾಡುವುದು ಆ ಶೆಡ್‌ನ ಕೆಲಸ.

ಆದ್ದರಿಂದ ಎಲ್ಲವನ್ನೂ ಹೊಸದಾಗಿ ಕಾಣುವ ಹಾಗೆ ಮಾಡುವುದಿಲ್ಲ. ಕೈಹಿಡಿಗೆ ಸಣ್ಣ ಹಿತ್ತಾಳೆ ತಂತಿ ಬೇಕಿತ್ತು, ಅರ್ಧ ಮಿಲಿಮೀಟರಿಗಿಂತ ಕಮ್ಮಿ. ರಥಬೀದಿಯ ಹತ್ತಿರ ಚಿನ್ನದ ಕೆಲಸ ಮಾಡುವ ಆಚಾರ್ಯರು ತೂತಿನ ಪಟ್ಟಿಯಲ್ಲಿ ಎಳೆದೆಳೆದು ಬೇಕಾದಷ್ಟು ಸಪೂರ ಮಾಡಿಕೊಟ್ಟರು. ಅದನ್ನು ನೆಟ್ಟಗೆ ಕೂರಿಸಿದ ಮೇಲೆ ಒಂದು ಕಡೆ ಬೇಕೆಂದೇ ಸ್ವಲ್ಪ ಬಗ್ಗಿಸಿದೆ. ಫೈರ್‌ಮನ್ ಹತ್ತಿ ಇಳಿಯುವ ಜಾಗದಲ್ಲಿ ಕೈಹಿಡಿ ನೆಟ್ಟಗೆ ಉಳಿದೀತಾ? ಟೆಂಡರ್‌ನಲ್ಲಿ ಕಲ್ಲಿದ್ದಲಿಗೆ ತೆಂಗಿನ ಗೆರಟೆಯ ಇದ್ದಿಲು. ಬಟ್ಟೆಯಲ್ಲಿ ಕಟ್ಟಿ ಕುಟ್ಟಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ದಪ್ಪನೆಯ ಚೂರು ಮಾತ್ರ ಆರಿಸಿದೆ. ನೀರು ಬೆರೆಸಿದ ಫೆವಿಕಾಲ್ ತೊಟ್ಟು ತೊಟ್ಟಾಗಿ ಬಿಟ್ಟರೆ ಒಣಗಿದ ಮೇಲೆ ಅಲ್ಲಾಡುವುದಿಲ್ಲ, ಹೊಳಪು ಮಾತ್ರ ಹಾಗೇ ಇರುತ್ತದೆ. ಪ್ಲಾಸ್ಟಿಕ್ ಕಲ್ಲಿದ್ದಲಿಗೆ ಆ ಹೊಳಪು ಬರುವುದಿಲ್ಲ. ಚಹಾದ ಜಾಲರಿ ಈಗ ನನ್ನದೇ. ಅಡುಗೆಮನೆಗೆ ಹೊಸದು ಬಂದಿದೆ.

ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುವ ತಂಗಿಯ ಮಗ ಇದನ್ನೆಲ್ಲ ನೋಡಿ ನಗುತ್ತಾನೆ. "ಮಾವ, ಡ್ರಾಯಿಂಗ್ ಕೊಡಿ. ಇಡೀ ಇಂಜಿನ್ ಒಂದು ರಾತ್ರಿಯಲ್ಲಿ ಪ್ರಿಂಟ್ ಆಗ್ತದೆ. ನೀವು ಸುಮ್ನೆ ಮಲ್ಪೆಗೆ ತಿರುಗ್ತೀರಿ."

ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಚಿಮಣಿ, ಡೋಮು, ಲ್ಯಾಂಪು, ಕ್ಯಾಬಿನ ಒಳಗಿನ ಸಣ್ಣ ಸಣ್ಣ ಗೇಜು, ಎಲ್ಲ ತ್ರೀಡಿ ಪ್ರಿಂಟ್‌ನಲ್ಲಿ ನನ್ನ ಕೈಯಿಂದ ಆಗದಷ್ಟು ಚೆಂದ ಬರುತ್ತವೆ. ಕೆಲವನ್ನು ಅವನಿಂದಲೇ ಮಾಡಿಸಿಕೊಂಡಿದ್ದೇನೆ. ಆದರೆ ತಿರುಗುವ ಭಾಗಕ್ಕೆ, ಎಳೆತ ಬೀಳುವ ರಾಡಿಗೆ ರಾಳದ ಪ್ರಿಂಟ್ ಸಾಲದು. ತೆಳ್ಳಗಿದ್ದರೆ ಮುರಿಯುತ್ತದೆ, ದಪ್ಪ ಮಾಡಿದರೆ ರಾಡಿನ ಥರ ಕಾಣುವುದಿಲ್ಲ. ಅಲ್ಲಿ ಲೋಹವೇ ಬೇಕು. ಇನ್ನೊಂದು ಮಾತನ್ನು ಅವನಿಗೆ ಹೇಳಿಲ್ಲ, ಹೇಳಿದರೆ ಇನ್ನೂ ಜಾಸ್ತಿ ನಗುತ್ತಾನೆ. ಇಡೀ ಇಂಜಿನ್ ಒಂದೇ ರಾತ್ರಿಯಲ್ಲಿ ಆಗಿಬಿಟ್ಟರೆ ಮಾರನೇ ದಿನ ನಾನು ಏನು ಮಾಡಲಿ?

ಸಂಖ್ಯೆ ಯಾವುದು ಬರೆಯುವುದು ಅಂತ ಇನ್ನೂ ನಿಶ್ಚಯ ಮಾಡಿಲ್ಲ. 7200 ಬರೆದರೆ ಬಾಲ್ಡ್‌ವಿನ್‌ನ ಮೊದಲ ಇಂಜಿನ್ ಆಗುತ್ತದೆ. 7161 ಬರೆದರೆ ಹರಿಯಾಣದ ರೇವಾರಿಯ ಶೆಡ್‌ನಲ್ಲಿ ಇವತ್ತಿಗೂ ಉಳಿದಿರುವ ಅಕ್ಬರ್ ಅನ್ನುವ ಇಂಜಿನ್. ಎರಡರ ಫೋಟೋಗಳೂ ಬೇಕಾದಷ್ಟು ಸಿಗುತ್ತವೆ, ತೊಂದರೆಯೇ ಅದು. ಫೋಟೋ ಇಟ್ಟುಕೊಂಡು ನೋಡುವವರು ಲ್ಯಾಂಪು ಇಲ್ಲಿಲ್ಲ, ಪೈಪು ಅಲ್ಲಿಲ್ಲ ಅಂತ ಎಣಿಸಲು ಶುರು ಮಾಡುತ್ತಾರೆ. ಯಾರೂ ಜಾಸ್ತಿ ಫೋಟೋ ತೆಗೆಯದ, ಗುಜರಿಗೆ ಹೋದ ಯಾವುದಾದರೂ ಸಾಮಾನ್ಯ ಇಂಜಿನ್‌ನ ಸಂಖ್ಯೆ ಒಳ್ಳೆಯದು ಅಂತ ಕಾಣುತ್ತದೆ.

ಸದ್ಯಕ್ಕೆ ಕೆಲಸ ನಿಂತಿರುವುದು ಒಂದು ಕ್ರಾಸ್‌ಹೆಡ್‌ನಿಂದ. ಪಿಸ್ಟನ್ ರಾಡು ಮತ್ತು ದೊಡ್ಡ ರಾಡು ಕೂಡುವ ಜಾಗದಲ್ಲಿ ಹಿಂದೆ ಮುಂದೆ ಜಾರುವ ಸಣ್ಣ ತುಂಡು ಅದು, ಕಡಲೆ ಬೇಳೆಗಿಂತ ಸ್ವಲ್ಪ ದೊಡ್ಡದು. ನನಗೆ ಬಂದ 9ಎಫ್‌ನಲ್ಲಿ ಎಡಗಡೆಯದು ಮೊದಲೇ ಇರಲಿಲ್ಲ. ಬಲಗಡೆಯದನ್ನು ತಿರುಗಿಸಿ ಹಾಕೋಣ ಅಂದರೆ ಆಗುವುದಿಲ್ಲ, ಪಿನ್ನು ಒಳಗಡೆಗೆ ಬರುತ್ತದೆ. ನಿಮ್ಮ ಅಟ್ಟದಲ್ಲಿ ಹಳೆಯ ಹಾರ್ನ್‌ಬಿ ಮುರಿದು ಬಿದ್ದಿದ್ದರೆ ಒಮ್ಮೆ ನೋಡಿ. ಎಡಗಡೆಯದು ಬೇಕು. ಬಲಗಡೆಯದು ಬೇಕಾದವರು ಕೇಳಿ, ನನ್ನ ಹತ್ತಿರ ಬೇಕಾದಷ್ಟು ಉಂಟು.